ಗಾಜೋ ಪ್ಲಾಸ್ಟಿಕ್ಕೋ: ಮನೆ ಬಿಯರ್‌ನ ಪಾತ್ರೆಯ ಕಥೆ

ಇತಿಹಾಸದ ಪುಸ್ತಕಗಳಲ್ಲಿ ಜಾಗ ಸಿಗದ ಸಣ್ಣ ಸಣ್ಣ ವಸ್ತುಗಳ ಕಥೆ ಹೇಳುವ ಸರಣಿ ನಮ್ಮದು. ಇವತ್ತಿನ ವಸ್ತು ಒಂದು ಪಾತ್ರೆ. ಮನೆಯಲ್ಲೇ ಬಿಯರ್ ಮಾಡುವವರು ಅದನ್ನು ಹುದುಗಲು ಬಿಡುತ್ತಾರಲ್ಲ, ಆ ಪಾತ್ರೆ. ಅದು ಗಾಜಿನದ್ದಾಗಿರಬೇಕಾ, ಪ್ಲಾಸ್ಟಿಕ್ಕಿನದ್ದಾ? ಇದೂ ಒಂದು ಇತಿಹಾಸವಾ ಅಂತ ನಗಬೇಡಿ. ಇದರೊಳಗೆ ಒಬ್ಬ ರಾಜ, ಒಂದು ಮಹಾಯುದ್ಧ, ಒಂದು ನೊಬೆಲ್ ಪ್ರಶಸ್ತಿ, ಅಮೆರಿಕದ ಒಬ್ಬ ಅಧ್ಯಕ್ಷ ಎಲ್ಲರೂ ಬರುತ್ತಾರೆ. ಕೊನೆಗೆ ನಮ್ಮ ಭಾವನ ಬಲಗೈಯೂ ಬರುತ್ತೆ.

ಶುರು ಮಾಡೋದಕ್ಕೆ ಮುಂಚೆ ಒಂದು ಮಾತು. ನಾನು ಹೇಳಲಿರೋದು ಬ್ರಿಟನ್, ಅಮೆರಿಕದ ಕಥೆ. ಅಲ್ಲಿ ಸ್ವಂತಕ್ಕೆ ಅಂತ ಮನೆಯಲ್ಲಿ ಬಿಯರ್ ಮಾಡೋದು ಕಾನೂನುಬದ್ಧ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಹಾಗಾಗಿ ಕೇಳಿ, ಮಾಡೋದಕ್ಕೆ ಹೋಗಬೇಡಿ.

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಮೂರು ತಿಂಗಳು ಮ್ಯಾಂಚೆಸ್ಟರ್‌ನಲ್ಲಿದ್ದೆ. ಅಕ್ಕ, ಭಾವ ಅಲ್ಲೇ ಇದ್ದಾರೆ, ಅವರ ಮನೆಯಲ್ಲೇ ಉಳಿದಿದ್ದೆ. ಭಾವನಿಗೆ ಬಿಯರ್ ಮಾಡುವ ಹುಚ್ಚು. ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ. ಇರೋದೆಲ್ಲ ಮಾಲ್ಟ್ ಚೀಲ, ಕೊಳವೆ, ಥರ್ಮಾಮೀಟರ್. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ, ಕುತ್ತಿಗೆ ಸಣ್ಣಗಿರುವ ದೊಡ್ಡ ಗಾಜಿನ ಬುಡ್ಡಿ. ಅದಕ್ಕೆ ಕಾರ್ಬಾಯ್ ಅಂತಾರೆ. ಪಕ್ಕದಲ್ಲಿ ಮುಚ್ಚಳ ಇರುವ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬ, ನಮ್ಮ ಬಚ್ಚಲುಮನೆ ಬಕೆಟ್ಟಿನ ಅಣ್ಣನ ಥರ.

'ಎರಡು ಯಾಕೆ ಭಾವ?' ಅಂದೆ.

'ಗಾಜಿಂದು ಒಳ್ಳೇ ಬಿಯರ್‌ಗೆ. ಪ್ಲಾಸ್ಟಿಕ್ಕು ಯಾರಾದ್ರೂ ನೆಂಟರು ಬಂದಾಗ, ನಿನ್ನಂಥೋರಿಗೆ' ಅಂದರು.

ಅಕ್ಕ ಅಡುಗೆಮನೆಯಿಂದಲೇ, 'ಇವರಿಗೆ ಗಾಜು ಅಂದ್ರೆ ಮಡಿ, ಪ್ಲಾಸ್ಟಿಕ್ ಅಂದ್ರೆ ಮೈಲಿಗೆ ಕಣೋ. ನಮ್ಮಜ್ಜಿ ಉಪ್ಪಿನಕಾಯಿ ಭರಣೀನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ವಲ್ಲ, ಹಂಗೇ' ಅಂದಳು.

ಅವತ್ತು ನಗಾಡಿ ಸುಮ್ಮನಾದೆ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಗಾಜು ಮಡಿ ಅಂತ ಹೇಳಿದ್ದು ಯಾರು? ಯಾವಾಗ?

ಮೊದಲು ಆ ಪಾತ್ರೆಯೊಳಗೆ ನಡೆಯೋದೇನು ನೋಡೋಣ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ರಸ ಬರುತ್ತೆ. ಹಾಪ್ಸ್ ಎಂಬ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಬೇಕು. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತೆ. ಆ ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಅದಕ್ಕೇ ಮುಚ್ಚಳದ ಮೇಲೆ ನೀರು ತುಂಬಿದ ಒಂದು ಪುಟ್ಟ ಬಾಗಿದ ಕೊಳವೆ ಇರುತ್ತೆ, ಏರ್‌ಲಾಕ್. ಅನಿಲ ಬುಳುಕ್ ಬುಳುಕ್ ಅಂತ ಅದರ ಮೂಲಕ ಆಚೆ ಹೋಗುತ್ತೆ. ಸಾಮಾನ್ಯ ಬಿಯರ್‌ಗೆ ಈ ಹಂತ ಮುಗಿಯೋದಕ್ಕೆ ಒಂದೆರಡು ವಾರ ಸಾಕು.

ಅಂದರೆ ಪಾತ್ರೆಯ ಕೆಲಸ ಎರಡೇ. ಸೋರಬಾರದು, ಬೇಡದ ಸೂಕ್ಷ್ಮಜೀವಿಗಳಿಗೆ ಮನೆಯಾಗಬಾರದು. ಸಾವಿರಾರು ವರ್ಷ ಈ ಕೆಲಸ ಮಾಡಿದ್ದು ಮಣ್ಣಿನ ಮಡಕೆ, ಮರದ ತೊಟ್ಟಿ. ಗಾಜು ಬಹಳ ಕಾಲ ಸುಲಭಕ್ಕೆ ಒಡೆಯುವ, ದುಬಾರಿ ವಸ್ತುವಾಗಿತ್ತು. 1615ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಜೇಮ್ಸ್, ಗಾಜಿನ ಕುಲುಮೆಗಳಲ್ಲಿ ಸೌದೆ ಉರಿಸಬಾರದು ಅಂತ ಆಜ್ಞೆ ಹೊರಡಿಸಿದ. ಅವನಿಗೆ ಹಡಗು ಕಟ್ಟಲು ಮರ ಬೇಕಿತ್ತು. ಗಾಜಿನವರು ಕಲ್ಲಿದ್ದಲಿಗೆ ಹೋದರು. ಕಲ್ಲಿದ್ದಲಿನ ಶಾಖ ಹೆಚ್ಚು. ಗಾಜು ದಪ್ಪವಾಯಿತು, ಗಟ್ಟಿಯಾಯಿತು. ಇಂಗ್ಲೆಂಡಿನ ಗಟ್ಟಿಮುಟ್ಟಾದ ಬಾಟಲಿ ಹುಟ್ಟಿದ್ದು ಹೀಗೆ. ಆದರೂ ಬಿಯರ್ ಬಾಟಲಿಗೆ ಹೋಗ್ತಾ ಇದ್ದದ್ದು ಎಲ್ಲ ಆದ ಮೇಲೆ. ಹುದುಗುತ್ತಾ ಇದ್ದದ್ದು ಮರದಲ್ಲೇ.

ಹಾಗಾದರೆ ಹುದುಗುವಿಕೆಗೂ ಗಾಜಿಗೂ ನಂಟು ಎಲ್ಲಿಂದ? ಇಲ್ಲಿ ಬರುತ್ತಾರೆ ಫ್ರಾನ್ಸಿನ ಲೂಯಿ ಪ್ಯಾಶ್ಚರ್. 1860ರ ಆಸುಪಾಸಿನಲ್ಲಿ ಅವರು ಹಂಸದ ಕುತ್ತಿಗೆಯ ಹಾಗೆ ಬಾಗಿದ ಗಾಜಿನ ಬುಡ್ಡಿಯಲ್ಲಿ ಸಾರು ಕುದಿಸಿ ಇಟ್ಟರು. ಗಾಳಿ ಒಳಗೆ ಹೋಗಬಹುದು, ಆದರೆ ಧೂಳು ಆ ಬಾಗಿನಲ್ಲೇ ನಿಂತುಬಿಡುತ್ತೆ. ಸಾರು ಕೆಡಲಿಲ್ಲ. ಕೆಡಿಸೋದು ಗಾಳಿಯಲ್ಲ, ಗಾಳಿಯ ಜೊತೆ ಬರುವ ಜೀವಿಗಳು ಅಂತ ಸಾಬೀತಾಯಿತು. 1871ರಲ್ಲಿ ಅವರು ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ, ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೇಡದ ಜೀವಿಗಳನ್ನು ತೋರಿಸಿಕೊಟ್ಟರು. 1876ರಲ್ಲಿ ಬಿಯರ್ ಮೇಲೆಯೇ ಒಂದು ಪುಸ್ತಕ ಬರೆದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ಯಾಶ್ಚರ್‌ಗೆ ಗಾಜು ಬೇಕಾಗಿದ್ದು ಮುಖ್ಯವಾಗಿ ನೋಡೋದಕ್ಕೆ. ಸಾರು ತಿಳಿಯಾಗಿದೆಯಾ, ಮೋಡ ಕಟ್ಟಿದೆಯಾ ಅಂತ ಹೊರಗಿನಿಂದಲೇ ಗೊತ್ತಾಗಬೇಕಿತ್ತು. ಅವರ ಬುಡ್ಡಿಯೊಳಗಿನ ಸಾರನ್ನು ಕಾಪಾಡಿದ್ದು ಗಾಜಲ್ಲ, ಕುದಿಸಿದ್ದು ಮತ್ತು ಆ ಬಾಗಿದ ಕುತ್ತಿಗೆ. ಆದರೆ ಪ್ರಯೋಗಾಲಯ ಅಂದರೆ ಗಾಜು, ಗಾಜು ಅಂದರೆ ಶುದ್ಧ ಅನ್ನೋ ಚಿತ್ರ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಈಗ ಕಾನೂನಿಗೆ ಬರೋಣ. 1880ರಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲಾಡ್‌ಸ್ಟನ್ ಮಾಲ್ಟ್ ಮೇಲಿನ ತೆರಿಗೆ ತೆಗೆದು, ಬಿಯರ್ ಮೇಲೆ ತೆರಿಗೆ ಹಾಕಿದರು. ಅದರ ಜೊತೆಗೆ ಮನೆಯಲ್ಲಿ ಬಿಯರ್ ಮಾಡುವವರಿಗೂ ಪರವಾನಗಿ ಬೇಕು ಅಂತಾಯಿತು. ಹಳ್ಳಿ ಮನೆಗಳಲ್ಲಿ ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದ ಕೆಲಸ ಸರ್ಕಾರಿ ಕಾಗದ ಕೇಳುವ ಕೆಲಸವಾಯಿತು. ಪರವಾನಗಿ ರದ್ದಾದದ್ದು 83 ವರ್ಷಗಳ ನಂತರ. 1963ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್, ಮಾರೋದಕ್ಕಲ್ಲ, ಕುಡಿಯೋದಕ್ಕೆ ಮಾಡಿಕೊಳ್ಳುವವರಿಗೆ ಪರವಾನಗಿ ಬೇಡ ಅಂದರು.

ಆದರೆ ಗಮನಿಸಿ, ಅಷ್ಟೂ ವರ್ಷ ಮನೆಯಲ್ಲಿ ವೈನ್ ಮಾಡೋದಕ್ಕೆ ಇಂಥ ಪರವಾನಗಿ ಬೇಕಿರಲಿಲ್ಲ. ಯುದ್ಧಕಾಲದ ಸಕ್ಕರೆ ರೇಷನ್ 1953ರಲ್ಲಿ ಮುಗಿದ ಮೇಲೆ ಬ್ರಿಟನ್ನಿನ ಮನೆಗಳಲ್ಲಿ ಎಲ್ಡರ್ ಹೂವು, ಬ್ಲ್ಯಾಕ್‌ಬೆರಿ ಹಣ್ಣು, ಕೈಗೆ ಸಿಕ್ಕಿದ್ದೆಲ್ಲ ವೈನ್ ಆಗತೊಡಗಿತು. 1960ರಲ್ಲಿ ಸಿ.ಜೆ.ಜೆ. ಬೆರಿ ಎಂಬವರು ಮನೆ ವೈನ್‌ಗೆಂದೇ ಬರೆದ ಕೈಪಿಡಿ ಬಹಳ ಜನಪ್ರಿಯವಾಯಿತು. ವೈನ್ ಮಾಡುವವರ ಪಾತ್ರೆ ಡೆಮಿಜಾನ್, ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕೂವರೆ ಲೀಟರ್ ಹಿಡಿಯುವ ಗಾಜಿನ ಬುಡ್ಡಿ.

ಅಟ್ಲಾಂಟಿಕ್‌ನ ಆಚೆ ದಡದಲ್ಲೂ ಇದೇ ಕಥೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ. ಆಗ ಜನ ಕದ್ದುಮುಚ್ಚಿ ಅಡುಗೆಮನೆಯ ದೊಡ್ಡ ಪಿಂಗಾಣಿ ಜಾಡಿಗಳಲ್ಲಿ ಬಿಯರ್ ಮಾಡಿದರು. ನಿಷೇಧ ಹೋದ ಮೇಲೆ ಮನೆ ವೈನ್‌ಗೆ ಕಾನೂನಿನಲ್ಲಿ ಜಾಗ ಸಿಕ್ಕಿತು, ಮನೆ ಬಿಯರ್‌ಗೆ ಸಿಗಲಿಲ್ಲ. ಅದು ಸಿಕ್ಕಿದ್ದು 1978ರ ಅಕ್ಟೋಬರ್ 14ರಂದು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದಾಗ. 1979ರ ಫೆಬ್ರುವರಿ 1ರಿಂದ ಜಾರಿ. ಒಬ್ಬ ವಯಸ್ಕ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್. ಅಂತಿಮ ಮಾತು ಆಯಾ ರಾಜ್ಯಗಳದ್ದು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ!

ಈಗ ಎರಡನ್ನೂ ಸೇರಿಸಿ ನೋಡಿ. ಎರಡೂ ದೇಶಗಳಲ್ಲಿ ಮನೆ ವೈನ್ ಮೊದಲು, ಮನೆ ಬಿಯರ್ ಆಮೇಲೆ. ಬಿಯರ್‌ಗೆ ಬಾಗಿಲು ತೆರೆದಾಗ ಅಂಗಡಿಗಳಲ್ಲಿ, ಕೈಪಿಡಿಗಳಲ್ಲಿ, ಅನುಭವಸ್ಥರ ತಲೆಯಲ್ಲಿ ಆಗಲೇ ಇದ್ದದ್ದು ವೈನ್‌ನವರ ಗಾಜು. ವೈನ್ ತಿಂಗಳುಗಟ್ಟಲೆ ಕೂರುತ್ತೆ. ಅದಕ್ಕೆ ಗಾಳಿ ಒಂಚೂರೂ ನುಸುಳದ ಪಾತ್ರೆ ಬೇಕು, ಗಾಜು ಸರಿಯಾದ ಆಯ್ಕೆ. ಆದರೆ ಎರಡು ವಾರದಲ್ಲಿ ಎದ್ದು ಹೋಗುವ ಬಿಯರ್‌ಗೆ? ಅದಕ್ಕೆ ಗಾಜು ಬಂದದ್ದು ಲೆಕ್ಕಾಚಾರದಿಂದಲ್ಲ, ವೈನ್ ಮನೆಯಿಂದ ಬಂದ ಬಳುವಳಿಯಾಗಿ. ಇದು ನಾನು ಓದಿ ಕಂಡುಕೊಂಡ ಅಂದಾಜು. ಆದರೆ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆ ದಾರಿ ನನಗೆ ಕಾಣಲಿಲ್ಲ.

ಕಾರ್ಬಾಯ್ ಅನ್ನೋ ಹೆಸರೇ ನೋಡಿ. ಅದು ಪರ್ಷಿಯನ್ನಿನ 'ಕರಾಬಾ' ಎಂಬ ಪದದಿಂದ ಇಂಗ್ಲಿಷಿಗೆ ಹೋದದ್ದು. ದೊಡ್ಡ ಬುಡ್ಡಿ ಅಂತ ಅರ್ಥ. ಯುರೋಪಿನಲ್ಲಿ ಇಂಥ ಬುಡ್ಡಿಗಳಿಗೆ ಬೆತ್ತದ ಬುಟ್ಟಿ ಹೆಣೆದು ಗಂಧಕಾಮ್ಲ ಸಾಗಿಸುತ್ತಿದ್ದರು. ಆಮ್ಲ ಕೂಡ ತಿನ್ನಲಾಗದ ವಸ್ತು ಗಾಜು, ಅದಕ್ಕೆ. ಅಮೆರಿಕದಲ್ಲಿ ಐದು ಗ್ಯಾಲನ್ನಿನ, ಅಂದರೆ 19 ಲೀಟರಿನ ಕಾರ್ಬಾಯ್ ಕಚೇರಿಗಳಿಗೆ ಕುಡಿಯುವ ನೀರು ತರುತ್ತಿದ್ದ ಬುಡ್ಡಿ. ನಮ್ಮ ಆಫೀಸುಗಳಲ್ಲಿ ಈಗ ತಲೆಕೆಳಗಾಗಿ ಕೂರುವ ನೀರಿನ ಕ್ಯಾನ್ ಇದೆಯಲ್ಲ, ಅದರ ಗಾಜಿನ ಪೂರ್ವಜ. ಮನೆ ಬಿಯರ್‌ನವರು ಅದನ್ನೇ ಹಿಡಿದರು. ನಮ್ಮಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ತುಂಬಿಸಿಡುತ್ತಿದ್ದರಲ್ಲ, ಅಷ್ಟೇ ಸಹಜವಾಗಿ.

ಇನ್ನು ಪ್ಲಾಸ್ಟಿಕ್ಕು. ಇದರ ಕಥೆ ಭಾವನ ಮನೆಯಿಂದ ಹೆಚ್ಚು ದೂರ ಇಲ್ಲ. ಮ್ಯಾಂಚೆಸ್ಟರ್‌ನ ನೈಋತ್ಯಕ್ಕೆ ನಾರ್ತ್‌ವಿಚ್ ಅಂತ ಊರು, ಅಲ್ಲಿ ವಿನ್ನಿಂಗ್ಟನ್ ಎಂಬಲ್ಲಿ ಐಸಿಐ ಕಂಪನಿಯ ಪ್ರಯೋಗಾಲಯ. 1933ರ ಮಾರ್ಚ್ ಕೊನೆಯ ವಾರ ರೆಜಿನಾಲ್ಡ್ ಗಿಬ್ಸನ್, ಎರಿಕ್ ಫಾಸೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಥಿಲೀನ್ ಅನಿಲದ ಜೊತೆ ಇನ್ನೊಂದು ವಸ್ತುವನ್ನು ಭಾರೀ ಒತ್ತಡದಲ್ಲಿಟ್ಟು ಹೋದರು. ವಾರಾಂತ್ಯ ಕಳೆದು ಬಂದು ನೋಡಿದರೆ ಅವರು ಬಯಸಿದ್ದು ಆಗಿರಲಿಲ್ಲ. ಪಾತ್ರೆಯಲ್ಲಿ ಬಿಳಿಯ ಮೇಣದಂಥದ್ದೇನೋ ಅಂಟಿಕೊಂಡಿತ್ತು. ಅದೇ ಪಾಲಿಥೀನ್. ಅದನ್ನು ಮತ್ತೆ ನೆಚ್ಚಿಕೆಯಿಂದ ಮಾಡಲು ಬಂದದ್ದು 1935ರಲ್ಲಿ. ದೊಡ್ಡ ಪ್ರಮಾಣದ ಉತ್ಪಾದನೆ ಶುರುವಾದದ್ದು 1939ರ ಸೆಪ್ಟೆಂಬರ್ 1ರಂದು, ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದ ದಿನ. ಯುದ್ಧ ಮುಗಿಯುವವರೆಗೂ ಪಾಲಿಥೀನ್ ಹೋದದ್ದು ರೇಡಾರ್ ಉಪಕರಣಗಳ ತಂತಿಗೆ ಹೊದಿಕೆಯಾಗಿ.

ಆದರೆ ಅದು ಮೆತ್ತನೆಯ ಪ್ಲಾಸ್ಟಿಕ್. ಇಪ್ಪತ್ತು ಲೀಟರ್ ಹೊತ್ತು ನಿಲ್ಲುವ ಗಟ್ಟಿ ಪಾಲಿಥೀನ್ ಬಂದದ್ದು 1953ರಲ್ಲಿ, ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕಾರ್ಲ್ ಸೀಗ್ಲರ್ ಕಂಡುಹಿಡಿದ ಕಡಿಮೆ ಒತ್ತಡದ ವಿಧಾನದಿಂದ. ಅದನ್ನೇ ಈಗ ಎಚ್‌ಡಿಪಿಇ ಅಂತಾರೆ. ಡಬ್ಬದ ತಳದಲ್ಲಿ ತ್ರಿಕೋನದೊಳಗೆ 2 ಅಂತ ಇರುತ್ತೆ ನೋಡಿ. ಸೀಗ್ಲರ್‌ಗೆ ಇಟಲಿಯ ಜೂಲಿಯೊ ನಟ್ಟಾ ಜೊತೆ ನೊಬೆಲ್ ಬಂದದ್ದು ಯಾವ ವರ್ಷ ಗೊತ್ತಾ? 1963. ಬ್ರಿಟನ್ನಿನಲ್ಲಿ ಮನೆ ಬಿಯರ್‌ನ ಪರವಾನಗಿ ರದ್ದಾದ ಅದೇ ವರ್ಷ. ಕಾಕತಾಳೀಯ, ನಿಜ. ಆದರೆ ಆ ಬೀಗ ತೆಗೆದ ಹೊತ್ತಿಗೆ ಅಗ್ಗದ, ಹಗುರವಾದ, ಒಡೆಯದ ಡಬ್ಬವೊಂದು ತಯಾರಾಗಿ ನಿಂತಿತ್ತು. ಎಪ್ಪತ್ತರ ದಶಕದಲ್ಲಿ ಬೂಟ್ಸ್ ಔಷಧದಂಗಡಿಗಳಲ್ಲೂ ಮನೆ ಬಿಯರ್ ಕಿಟ್ ಸಿಗುತ್ತಿತ್ತು. ಕೂಲಿ ಕೆಲಸದವರೂ ಬಿಯರ್ ಮಾಡಿದರು. ಪ್ಲಾಸ್ಟಿಕ್ಕಿಗೆ ಬಡವರ ಪಾತ್ರೆ ಅನ್ನೋ ಹೆಸರು ಅಂಟಿಕೊಂಡದ್ದರ ಹಿಂದೆ ಇದೂ ಇದೆ ಅನ್ನಿಸುತ್ತೆ.

ಹಾಗಾದರೆ ಯಾವುದು ಒಳ್ಳೇದು? ಲೆಕ್ಕ ಹಾಕೋಣ.

ಗಾಜಿನ ಪರವಾಗಿ: ಗಾಳಿ ನುಸುಳಲ್ಲ. ಗೀರು ಬೀಳಲ್ಲ. ವಾಸನೆ ಹಿಡಿಯಲ್ಲ. ಒಳಗೆ ನೊರೆ ಏರೋದು, ಇಳಿಯೋದು, ಯೀಸ್ಟ್ ತಳಕ್ಕೆ ಕೂರೋದು ಎಲ್ಲ ಕಣ್ಣಿಗೆ ಕಾಣುತ್ತೆ. ಆ ನೋಟಕ್ಕೇ ಎಷ್ಟೋ ಜನ ಮರುಳಾಗಿದ್ದಾರೆ, ನಾನೂ ಒಬ್ಬ.

ಗಾಜಿನ ವಿರುದ್ಧ: ಕಾಣುತ್ತೆ ಅಂದರೆ ಬೆಳಕೂ ಒಳಗೆ ಹೋಗುತ್ತೆ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು, ಗಂಧಕದ ಒಂದು ಸಂಯುಕ್ತ ಹುಟ್ಟಿ ಬಿಯರ್ ನಾರುತ್ತೆ. ಬಿಯರ್ ಬಾಟಲಿಗಳು ಕಂದು ಬಣ್ಣದಲ್ಲಿರೋದು ಇದಕ್ಕೇ. ಬಿಸಿ ರಸ ಸುರಿದರೆ ಗಾಜು ಸೀಳಬಹುದು. ಕುತ್ತಿಗೆ ಸಣ್ಣದು, ಕೈ ಹೋಗಲ್ಲ, ಉದ್ದ ಬ್ರಷ್ಷಿನಲ್ಲಿ ತಿಕ್ಕಬೇಕು. ನೊರೆ ಉಕ್ಕಿ ಬಾಯಿ ಕಟ್ಟಿದರೆ ಒಳಗೆ ಒತ್ತಡ ಏರುತ್ತೆ.

ಪ್ಲಾಸ್ಟಿಕ್ಕಿನ ಪರವಾಗಿ: ಹಗುರ, ಅಗ್ಗ, ಒಡೆಯಲ್ಲ. ಅಗಲ ಬಾಯಿ, ಕೈ ಹಾಕಿ ತೊಳೆಯಬಹುದು. ಬಿಳಿ ಡಬ್ಬ ಬೆಳಕನ್ನೂ ಅಷ್ಟಿಷ್ಟು ತಡೆಯುತ್ತೆ. ಕೆಳಗೆ ನಲ್ಲಿ ಕೂರಿಸಬಹುದು.

ವಿರುದ್ಧ: ಒರಟು ನಾರಿನಿಂದ ತಿಕ್ಕಿದರೆ ಗೀರು ಬೀಳುತ್ತೆ, ಗೀರಿನಲ್ಲಿ ಬ್ಯಾಕ್ಟೀರಿಯಾ ಬಿಡಾರ ಹೂಡುತ್ತೆ. ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಉಪ್ಪಿನಕಾಯಿ ಇಟ್ಟಿದ್ದ ಡಬ್ಬದ ವಾಸನೆ ಜನ್ಮಕ್ಕೂ ಹೋಗಲ್ಲ. ಆಹಾರಕ್ಕೆ ಯೋಗ್ಯ ಅಂತ ನಮೂದಿರುವ ಡಬ್ಬವೇ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಚ್‌ಡಿಪಿಇ ಮೂಲಕ ಆಮ್ಲಜನಕ ನಿಧಾನಕ್ಕೆ ಒಳಗೆ ನುಸುಳುತ್ತೆ. ಎರಡು ವಾರಕ್ಕೆ ಅದೇನೂ ಲೆಕ್ಕಕ್ಕಿಲ್ಲ. ಹುಳಿ ಬಿಯರ್ ಥರ ಆರು ತಿಂಗಳು, ವರ್ಷ ಇಡೋದಾದರೆ ಮಾತ್ರ ರುಚಿ ಕೆಡುತ್ತೆ, ವಿನೆಗರ್ ಆದರೂ ಆದೀತು.

ಮಧ್ಯದ ದಾರಿಯೂ ಒಂದಿದೆ, ಪಿಇಟಿ. ಈ ಪ್ಲಾಸ್ಟಿಕ್ಕೂ ಮ್ಯಾಂಚೆಸ್ಟರ್‌ನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ ಎಂಬ ಬಟ್ಟೆ ಕಂಪನಿಯದ್ದೇ ಕೂಸು. 1941ರಲ್ಲಿ ವಿನ್‌ಫೀಲ್ಡ್, ಡಿಕ್ಸನ್ ಎಂಬವರು ಅದನ್ನು ಕಂಡುಹಿಡಿದದ್ದು ಬಟ್ಟೆಯ ನೂಲಿಗಾಗಿ. ಅಮೆರಿಕದ ಡ್ಯುಪಾಂಟ್‌ನ ನಥಾನಿಯಲ್ ವೈಯೆತ್ 1973ರಲ್ಲಿ ಅದರಿಂದ ಬಾಟಲಿ ಮಾಡುವುದಕ್ಕೆ ಪೇಟೆಂಟ್ ಪಡೆದರು. ಸೋಡಾದ ಅನಿಲವನ್ನು ಹಿಡಿದಿಡಬಲ್ಲ ಬಾಟಲಿ ಅದು. ಈಗ ಅದರದ್ದೇ ಕಾರ್ಬಾಯ್‌ಗಳು ಬಂದಿವೆ. ಗಾಜಿನಂತೆ ಕಾಣುತ್ತೆ, ಎತ್ತಿದರೆ ಹೂವಿನಂತೆ ಹಗುರ, ಗಾಳಿ ನುಸುಳೋದು ಬಕೆಟ್ಟಿಗಿಂತ ತುಂಬಾ ಕಡಿಮೆ.

ನೋಡಿ, ಇಲ್ಲಿಗೆ ಬಂದ ಯಾವ ಪಾತ್ರೆಯೂ ಬಿಯರ್‌ಗಾಗಿ ಹುಟ್ಟಿದ್ದಲ್ಲ. ಆಮ್ಲದ ಬುಡ್ಡಿ, ನೀರಿನ ಬುಡ್ಡಿ, ರೇಡಾರ್‌ನ ಹೊದಿಕೆ, ಅಂಗಿಯ ನೂಲು. ಮನೆಯವರು ತಮಗೆ ಎಟುಕಿದ್ದನ್ನು ಹಿಡಿದುಕೊಂಡರು, ಆಮೇಲೆ ಅದಕ್ಕೊಂದು ಮಡಿಯ ಶಾಸ್ತ್ರ ಕಟ್ಟಿದರು.

ಭಾವನ ಕೈ ವಿಷಯ ಹೇಳ್ತೀನಿ ಅಂದಿದ್ದೆ. ನಾನು ವಾಪಸ್ ಬರುವ ಎರಡು ವಾರ ಮೊದಲು, ಒಂದು ಶನಿವಾರ. ಗಾಜಿನ ಕಾರ್ಬಾಯ್ ತುಂಬಿತ್ತು, 23 ಲೀಟರ್. ರಸದ್ದೇ 23 ಕೆ.ಜಿ.ಗೂ ಮೇಲೆ, ಗಾಜಿನದ್ದು ಬೇರೆ; ಒಟ್ಟು 30 ಕೆ.ಜಿ. ಹತ್ತಿರ. ಗ್ಯಾರೇಜಿನಲ್ಲಿ ಚಳಿ ಜಾಸ್ತಿ, ಒಳಗಿನ ರೂಮಿಗೆ ಇಡೋಣ ಅಂತ ಎತ್ತಿಕೊಂಡರು. ತೊಳೆದ ಕೈ ಇನ್ನೂ ಒದ್ದೆ. 'ಒಂದು ಕಡೆ ಹಿಡೀಲಾ ಭಾವ?' ಅಂದೆ. 'ಬೇಡ ಬಿಡೋ' ಅಂದರು. ಮೂರನೇ ಮೆಟ್ಟಿಲಲ್ಲಿ ಜಾರಿತು.

ಒಡೆದ ಸದ್ದು ಅಷ್ಟೇನೂ ಜೋರಾಗಿರಲಿಲ್ಲ. ಆದರೆ ಬೀಳುವ ಬುಡ್ಡಿಯನ್ನು ಹಿಡಿಯೋದಕ್ಕೆ ಕೈ ತಾನಾಗೇ ಹೋಗುತ್ತಲ್ಲ, ಅದೇ ಆದದ್ದು. ನೆಲದ ಮೇಲೆ ಬಿಯರ್ ಯಾವುದು, ರಕ್ತ ಯಾವುದು ಗೊತ್ತಾಗಲಿಲ್ಲ. ಅಕ್ಕ ಟವೆಲ್ ಸುತ್ತಿದಳು, ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಂಗೈಯ ಬುಡದಲ್ಲಿ ಕಿರುಬೆರಳನ್ನು ಮಡಿಸುವ ಸ್ನಾಯುರಜ್ಜು ಕತ್ತರಿಸಿ ಹೋಗಿತ್ತು. ಶಸ್ತ್ರಚಿಕಿತ್ಸೆ ಆಯಿತು. ಇವತ್ತಿಗೂ ಆ ಬೆರಳು ಪೂರ್ತಿ ಮಡಿಯಲ್ಲ. ಅನ್ನ ಕಲಸುವಾಗ ಒಂದು ಬೆರಳು ನೆಟ್ಟಗೆ ನಿಂತಿರುತ್ತೆ.

ಹುಡುಕಿ ನೋಡಿದರೆ ಇದು ಅಪರೂಪದ ಸಂಗತಿಯೂ ಅಲ್ಲ. ಮನೆ ಬಿಯರ್ ಮಾಡುವವರಲ್ಲಿ ಗಾಜಿನ ಕಾರ್ಬಾಯ್ ಒಡೆದು ಕೈ, ಪಾದ ಕುಯ್ದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಾವು ಗಾಳಿ, ಗೀರು, ವಾಸನೆ ಎಲ್ಲದರ ಲೆಕ್ಕ ಹಾಕ್ತೀವಿ. ಪಾತ್ರೆಯನ್ನು ಎತ್ತುವವನ ಕೈಯನ್ನು ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ. ಪ್ಯಾಶ್ಚರ್ ತಮ್ಮ ಬುಡ್ಡಿಯನ್ನು ಮೇಜಿನ ಮೇಲಿಟ್ಟು ನೋಡಿದರು, ಮೂವತ್ತು ಕೆ.ಜಿ. ಹೊತ್ತು ಮೆಟ್ಟಿಲು ಹತ್ತಲಿಲ್ಲ.

ಹಾಗಾಗಿ ನನ್ನನ್ನು ಕೇಳಿದರೆ ಉತ್ತರ ಸರಳ. ಎರಡು ಮೂರು ವಾರದ ಬಿಯರ್‌ಗೆ ಪ್ಲಾಸ್ಟಿಕ್ ಸಾಕು. ತಿಂಗಳುಗಟ್ಟಲೆ ಇಡುವುದಕ್ಕೆ ಗಾಜು ಅಥವಾ ಪಿಇಟಿ. ಗಾಜೇ ಬೇಕಾದರೆ ತುಂಬುವ ಮೊದಲೇ ಅದು ಕೂರುವ ಜಾಗದಲ್ಲಿಡಿ. ಎತ್ತಲೇಬೇಕಾದರೆ ಒಂದು ಪ್ಲಾಸ್ಟಿಕ್ ಕ್ರೇಟಿನೊಳಗಿಟ್ಟು, ಇಬ್ಬರು ಸೇರಿ, ಒಣ ಕೈಯಲ್ಲಿ ಎತ್ತಿ. ಬರೀ ಕುತ್ತಿಗೆ ಹಿಡಿದು ಎತ್ತಲೇಬೇಡಿ.

ಹೋದ ತಿಂಗಳು ವಿಡಿಯೊ ಕಾಲ್‌ನಲ್ಲಿ ಭಾವ ಗ್ಯಾರೇಜ್ ತೋರಿಸಿದರು. ಮೂರು ಬಿಳಿ ಡಬ್ಬ ಸಾಲಾಗಿ ಕೂತಿದ್ದವು. 'ರುಚಿಯಲ್ಲಿ ವ್ಯತ್ಯಾಸ ಇದೆಯಾ ಭಾವ?' ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ ಕಣೋ. ಆದ್ರೆ ನೋಡೋಕೆ ಏನೂ ಇಲ್ಲ' ಅಂದರು.

ನಿಮ್ಮ ಮನೆಯಲ್ಲೂ ಬೇರೆ ಯಾವುದಕ್ಕೋ ಹುಟ್ಟಿ, ಇನ್ನೇನಕ್ಕೋ ದುಡಿಯುತ್ತಿರುವ ಒಂದು ಬಾಟಲಿ, ಒಂದು ಡಬ್ಬ ಇದ್ದೇ ಇರುತ್ತೆ. ಅದರ ಕಥೆ ನಮಗೆ ಬರೆದು ಕಳಿಸಿ. ಮುಂದಿನ ವಾರ ಇನ್ನೊಂದು ವಸ್ತುವಿನ ಜೊತೆ ಸಿಗೋಣ.